ಲಾಳಿಗೊಂದು ಸದ್ದಿಲ್ಲದ ಮನೆ

ದೊಡ್ಡಬಳ್ಳಾಪುರದ ಪಿಳ್ಳಪ್ಪನಿಗೆ ನಾಲ್ಕು ವಿದ್ಯುತ್ ಮಗ್ಗಗಳಿದ್ದವು, ಒಬ್ಬಳು ಹೆಂಡತಿಯಿದ್ದಳು, ಒಂದು ನಾಯಿಯಿತ್ತು. ಮಗ್ಗಗಳು ಅವನು ಹೇಳಿದಂತೆ ಕೇಳುತ್ತಿದ್ದವು. ಹೆಂಡತಿ ಬನಶಂಕರಿ ಕೇಳಿದಂತೆ ತಲೆಯಾಡಿಸಿ ತನಗೆ ಸರಿ ಕಂಡದ್ದನ್ನು ಮಾಡುತ್ತಿದ್ದಳು. ನಾಯಿಗೆ ಆ ನಾಜೂಕು ಕೂಡ ಗೊತ್ತಿರಲಿಲ್ಲ. ಶೆಡ್ಡಿಗೆ ಬರಬೇಡ ಅಂದರೆ ನೇರವಾಗಿ ಶೆಡ್ಡಿಗೇ ಬಂದು ಎರಡನೇ ಮಗ್ಗದ ಕೆಳಗೆ ಮಲಗುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ಅಂಗೈಯಗಲದ ಕಂದು ಮರಿಯಾಗಿ ಅದು ಒಳಗೆ ಬಂದಿತ್ತು. ಬನಶಂಕರಿ ನೂಲು ಸುತ್ತುವ ಮೆಷಿನ್ನಿನ ಪಕ್ಕದಲ್ಲಿದ್ದ ಬುಟ್ಟಿಗೆ ಇಳಿದು ನಿದ್ದೆ ಮಾಡಿಬಿಟ್ಟಿತ್ತು. ಎಚ್ಚರವಾದ ಮೇಲೆ ಮುಂಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮುಂಬಾಗಿಲಿಗೆ ಒಂದೇ ಸಮನೆ ಓಡಾಡಿತು. ಮಗ್ಗದಲ್ಲಿ ನೂಲು ಹೊತ್ತು ಎಡಕ್ಕೂ ಬಲಕ್ಕೂ ಓಡುವ ಲಾಳಿಯ ಹೆಸರನ್ನೇ ಬನಶಂಕರಿ ಅದಕ್ಕೆ ಇಟ್ಟಳು. ಮಕ್ಕಳಿಲ್ಲದ ಮನೆ. ಹೆಸರಿಟ್ಟ ಮೇಲೆ ಅದು ನಾಯಿಯಾಗಿ ಉಳಿಯುವುದುಂಟೇ?

ಆ ಶೆಡ್ಡಿನ ಸದ್ದಿನ ಬಗ್ಗೆ ಒಂದು ಮಾತು ಹೇಳಬೇಕು. ಹಗಲೂ ರಾತ್ರಿಯೂ ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಎದುರಿಗೆ ನಿಂತವನ ತುಟಿ ನೋಡಿ ಮಾತು ತಿಳಿದುಕೊಳ್ಳಬೇಕು. ಹಾಗಾಗಿ ಕೂಗಿಯೇ ಮಾತಾಡಿ ರೂಢಿಯಾದ ಮಗ್ಗದ ಮನೆಯವರಿಗೆ ಗುಟ್ಟು ಅನ್ನುವುದೇ ಇರುವುದಿಲ್ಲ. ಮದುವೆ ಮನೆಯಲ್ಲಿ ಪಿಳ್ಳಪ್ಪ ಹೆಂಡತಿಯ ಕಿವಿಯಲ್ಲಿ "ಹೆಣ್ಣು ಸ್ವಲ್ಪ ಕಪ್ಪು ಕಣೇ" ಎಂದು ಪಿಸುಗುಟ್ಟಿದ್ದು ಓಲಗದವರಿಗೂ ಕೇಳಿ, ಹೆಣ್ಣಿನ ಸೋದರಮಾವ ಆರು ತಿಂಗಳು ಮಾತು ಬಿಟ್ಟಿದ್ದ. ಹುಟ್ಟಿದ ಮನೆಯಲ್ಲಿ ಕೈಮಗ್ಗದ ಸದ್ದು, ಬೆಳೆದ ಮೇಲೆ ಕರೆಂಟಿನ ಮಗ್ಗದ ಸದ್ದು. ಐವತ್ತೆರಡು ವರ್ಷದಲ್ಲಿ ಪಿಳ್ಳಪ್ಪ ಆಸೆಪಟ್ಟಿದ್ದು ಒಂದನ್ನೇ. ಹಿತ್ತಿಲ ತುದಿಯಲ್ಲಿ, ನುಗ್ಗೆಮರದಾಚೆ, ಶೆಡ್ಡಿನ ಸದ್ದು ಬಲು ಸಣ್ಣಗೆ ಕೇಳುವ ಒಂದು ಮೂಲೆಯಿತ್ತು. ಅಲ್ಲಿ ಒಂದು ರೂಮು ಕಟ್ಟಿಸಿ, ಮಂಚ ಹಾಕಿ, ಕಿವಿಗೆ ರಜೆ ಕೊಟ್ಟು ಮಲಗಬೇಕು. ಈ ಮಾತನ್ನು ಅವನು ವರ್ಷಕ್ಕೆ ಹತ್ತು ಸಲವಾದರೂ ಆಡುತ್ತಿದ್ದ. ಬನಶಂಕರಿ ಹತ್ತು ಸಲವೂ ತಲೆಯಾಡಿಸುತ್ತಿದ್ದಳು.

ತೊಂಬತ್ತಮೂರನೇ ಇಸವಿ, ಆಷಾಢ ಕಳೆದು ಮದುವೆ ಸೀರೆಗಳಿಗೆ ಬೇಡಿಕೆ ಏರುವ ಹೊತ್ತು. ಒಂದು ಬೆಳಗ್ಗೆ ಎರಡನೇ ಮಗ್ಗದ ಲಾಳಿ ಹಾರಿತು. ಲಾಳಿಯೆಂದರೆ ಎರಡೂ ತುದಿಗೆ ಉಕ್ಕಿನ ಮೊನೆಯಿರುವ ಮರದ ತುಂಡು. ದಾರಿ ತಪ್ಪಿದರೆ ಕವಣೆಕಲ್ಲಿನಂತೆ ಹೊರಗೆ ಎಗರುತ್ತದೆ. ಮರದ ಲಾಳಿ ಹೋಗಿ ನಾಯಿ ಲಾಳಿಯ ಬಲಗಿವಿಯನ್ನು ಸೀಳಿ ಗೋಡೆಗೆ ಬಡಿದು ಬಿತ್ತು. ಎರಡು ಬೆರಳು ಈಚೆಗೆ ಬಂದಿದ್ದರೆ ತಲೆಯೇ ಹೋಗುತ್ತಿತ್ತು. ಬನಶಂಕರಿ ಸೆರಗಿನಿಂದ ಕಿವಿಯನ್ನು ಒತ್ತಿ ಹಿಡಿದುಕೊಂಡು ಅತ್ತಳು. ಪಿಳ್ಳಪ್ಪನಿಗೆ ಅಳು ಬರುವ ಬದಲು ಕೋಪ ಬಂತು. ಹೆದರಿಕೆಯಾದಾಗಲೆಲ್ಲ ಅವನಿಗೆ ಬರುತ್ತಿದ್ದುದು ಅದೇ.

"ಇವತ್ತಿಂದ ನಾಯಿ ಶೆಡ್ಡೊಳಗೆ ಬರಕೂಡದು! ಅದಕ್ಕೆ ಅಂತ್ಲೇ ಒಂದು ಮನೆ ಮಾಡ್ತೀನಿ. ಅದು ರಾಜನ ಹಂಗೆ ಮಲಗ್ಬೇಕು, ನಾವು ನಿಂತ್ಕೊಂಡು ನೋಡ್ಬೇಕು!"

ದನದ ಡಾಕ್ಟರು ರಾಜೇಂದ್ರ ಕಿವಿಗೆ ನಾಲ್ಕು ಹೊಲಿಗೆ ಹಾಕಿದರು. ನಾಯಿಗೂಡು ಕಟ್ಟುವ ಸುದ್ದಿ ಕೇಳಿ ಖುಷಿಪಟ್ಟು, ಔಷಧಿ ಚೀಟಿಯ ಹಿಂಬದಿಯಲ್ಲಿ ಗೀಚಿ ತೋರಿಸಿದರು. ನೆಲದಿಂದ ಒಂದು ಗೇಣು ಎತ್ತರಕ್ಕಿರಬೇಕು, ಇಲ್ಲದಿದ್ದರೆ ಶೀತ. ಒಳಗೆ ಎದ್ದು ನಿಲ್ಲುವಷ್ಟು, ಒಂದು ಸುತ್ತು ತಿರುಗುವಷ್ಟು ಜಾಗ ಸಾಕು. ತೀರಾ ದೊಡ್ಡದಾದರೆ ಚಳಿಗಾಲದಲ್ಲಿ ಬೆಚ್ಚಗಾಗುವುದಿಲ್ಲ. ಬಾಗಿಲು ಮಳೆ ಹೊಡೆಯುವ ದಿಕ್ಕಿಗೆ ಬೇಡ, ಮಾಡು ಇಳಿಜಾರಿರಲಿ.

"ಎಲ್ಲಿಡೋದು ಡಾಕ್ಟ್ರೇ?"

"ಅದಕ್ಕೆ ಒಗ್ಗೋ ಜಾಗ ನೋಡಿ ಇಡಿ. ನಾಯಿ ನಿಮ್ದು, ನಿಮಗೇ ಗೊತ್ತಿರತ್ತೆ."

ಪಿಳ್ಳಪ್ಪನಿಗೆ ಗೊತ್ತಿಲ್ಲದ್ದು ಯಾವುದು? ದಾರಿಯಲ್ಲಿ ಬರುತ್ತಲೇ ಜಾಗ ನಿಶ್ಚಯವಾಗಿ ಹೋಯಿತು.

ಗೂಡಿಗೆ ಬೇಕಾದ ಮರಕ್ಕೆಂದು ಅವನು ಅಟ್ಟ ಹತ್ತಿದ. ಅಲ್ಲಿ ಅವನ ಅಪ್ಪನ ಗುಂಡಿಮಗ್ಗ ಬಿಚ್ಚಿದ ಸ್ಥಿತಿಯಲ್ಲಿ ಇಪ್ಪತ್ತು ವರ್ಷದಿಂದ ಮಲಗಿತ್ತು. ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಬೆಳಗಿನಿಂದ ಸಂಜೆಯವರೆಗೆ ನೇಯುತ್ತಿದ್ದ ಮಗ್ಗ. ಹಲಸಿನ ಮರದ ಕಂಬ, ಹಲಗೆ. ಗುಜರಿಯವರು ಎರಡು ಸಲ ಕೇಳಿದಾಗಲೂ ಪಿಳ್ಳಪ್ಪ ಕೊಟ್ಟಿರಲಿಲ್ಲ. ಸುಮ್ಮನೆ ಧೂಳು ತಿನ್ನಲು ಬಿಡುವುದಕ್ಕಿಂತ ಮನೆಯ ಜೀವವೊಂದಕ್ಕೆ ಆಸರೆಯಾಗಲಿ ಅಂದುಕೊಂಡ. ಅಪ್ಪನ ಕೈ ತಾಗಿ ನುಣುಪಾಗಿದ್ದ ಅಡ್ಡಪಟ್ಟಿಯನ್ನು ಮಾತ್ರ ಒಂದು ಕ್ಷಣ ಸವರಿ ನೋಡಿ, ಅದನ್ನು ಗೂಡಿನ ಹೊಸಿಲಿಗೆ ಎಂದು ಬೇರೆ ತೆಗೆದಿಟ್ಟ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಾಯಿಮನೆಗೂ ಆ ಗಾದೆ ಅನ್ವಯಿಸುತ್ತದೆ ಎಂದು ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಮೊದಲಿಗೆ ಅಳತೆ. ಸೀರೆ ಅಳೆಯುವ ಟೇಪು ಹಿಡಿದು ಪಿಳ್ಳಪ್ಪ ಹತ್ತಿರ ಹೋದರೆ ಲಾಳಿ ಅದನ್ನು ಆಟವೆಂದು ತಿಳಿದು ಟೇಪಿನ ತುದಿಯನ್ನು ಕಚ್ಚಿಕೊಂಡು ಓಡಿತು. ಎರಡನೇ ಮಗ್ಗ ನೋಡಿಕೊಳ್ಳುತ್ತಿದ್ದ ಬೈರಣ್ಣ, ಮೂವತ್ತರ ಆಸುಪಾಸಿನ ಉದ್ದನೆಯ ಆಳು, ನಾಯಿಯನ್ನು ತಬ್ಬಿ ಹಿಡಿದ. ಇನ್ನೊಂದು ತುದಿಯನ್ನು ಬನಶಂಕರಿ ಹಿಡಿದಳು. ಬಾಲವನ್ನು ಸೇರಿಸಿ ಅಳೆಯಬೇಕೋ ಬಿಟ್ಟು ಅಳೆಯಬೇಕೋ ಎಂದು ಅರ್ಧ ಗಂಟೆ ಚರ್ಚೆಯಾಯಿತು.

"ಬಾಲ ಬಿಡಿ ಅಣ್ಣ. ಮಡಚ್ಕೊಂಡು ಮಲಗ್ತದೆ," ಅಂದ ಬೈರಣ್ಣ.

"ಬಾಲ ಬಿಟ್ಟು ನಾಯಿ ಉಂಟೇನೋ? ಸೆರಗು ಬಿಟ್ಟು ಸೀರೆ ಅಳೀತೀಯಾ ನೀನು?"

ಬಾಲ ಸೇರಿತು. ಎಂಟು ದಿನದ ಸಂಜೆಗಳಲ್ಲಿ ಗೂಡು ಎದ್ದು ನಿಂತಿತು. ನಾಲ್ಕು ಕಾಲು, ಮೂರು ಕಡೆ ಹಲಗೆ, ಮಾಡಿಗೆ ಮಂಗಳೂರು ಹೆಂಚು, ಹೆಂಚಿನ ಕೆಳಗೆ ಬಿಸಿಲಿಗೆಂದು ಗೋಣಿತಟ್ಟಿನ ಪದರ, ಬಾಗಿಲಿಗೆ ಗೋಣಿಯದೇ ಪರದೆ. ಎಲ್ಲೂ ಮೊಳೆಯ ಮೊನೆ ಹೊರಗೆ ಬಂದಿಲ್ಲವೆಂದು ಪಿಳ್ಳಪ್ಪ ತಾನೇ ಒಳಗೆ ತಲೆ ತೂರಿ ಬೆರಳಾಡಿಸಿ ನೋಡಿದ. ತಲೆ ಒಳಗೆ ಹೋದಷ್ಟು ಸುಲಭಕ್ಕೆ ಹೊರಗೆ ಬರಲಿಲ್ಲ ಅನ್ನುವುದು ಬೇರೆ ಮಾತು. ಹಾಸಿಗೆಗೆ ಮಾತ್ರ ಅವನು ಮಗ್ಗದವನ ಬುದ್ಧಿಯನ್ನೇ ಉಪಯೋಗಿಸಿದ. ಶೆಡ್ಡಿನಲ್ಲಿ ಕಸವಾಗಿ ಉಳಿದ ರೇಷ್ಮೆ ನೂಲಿನ ತುಂಡುಗಳನ್ನೆಲ್ಲ ಒಂದು ಮೂಟೆ ಒಟ್ಟುಮಾಡಿ ಒಳಗೆ ಹಾಸಿದ. ರೇಷ್ಮೆ ಹಾಸಿಗೆ! ಊರಿನ ಯಾವ ಸಾಹುಕಾರನಿಗಿತ್ತು?

ನೋಡಲು ಬಂದ ಡಾಕ್ಟರು ಎಲ್ಲವನ್ನೂ ಮೆಚ್ಚಿ, ಹಾಸಿಗೆ ನೋಡಿ ಹೌಹಾರಿದರು. "ಮೊದ್ಲು ಇದನ್ನ ತೆಗೀರಿ ಪಿಳ್ಳಪ್ಪನೋರೇ. ನಾಯಿ ಹಾಸಿಗೆ ಕಚ್ಚತ್ತೆ. ನೂಲು ಹೊಟ್ಟೆಗೆ ಹೋದ್ರೆ ಕರುಳಿಗೆ ಸುತ್ಕೊಳ್ಳತ್ತೆ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ." ಪಿಳ್ಳಪ್ಪ ಮುಖ ಸಣ್ಣದು ಮಾಡಿಕೊಂಡು ಅಷ್ಟನ್ನೂ ಎಳೆ ಬಿಡದೆ ಎತ್ತಿದ. ಬನಶಂಕರಿ ತನ್ನ ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ನಗು ಬಂದರೂ ನಗಲಿಲ್ಲ, ಒಳ್ಳೆಯವಳು.

ನಾಲ್ಕು ಜನ ಸೇರಿ ಗೂಡನ್ನು ಹೊತ್ತು ನುಗ್ಗೆಮರದಾಚೆಯ ಮೂಲೆಯಲ್ಲಿ ಇಟ್ಟರು. ತನಗೆಂದು ಅಷ್ಟು ವರ್ಷ ಕಾದಿರಿಸಿದ್ದ ಜಾಗವನ್ನು ನಾಯಿಗೆ ಬಿಟ್ಟುಕೊಟ್ಟ ಪಿಳ್ಳಪ್ಪನ ಎದೆ ತುಂಬಿ ಬಂದಿತ್ತು. ಬನಶಂಕರಿ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ಒಲೆ ಹೂಡಿ ಹಾಲು ಉಕ್ಕಿಸಿದಳು. ಉಕ್ಕಿ ಉಳಿದ ಹಾಲನ್ನು ಮನೆಯೊಡತಿ ಲಾಳಿ ಕುಡಿಯಿತು. ಗೂಡಿನೊಳಗೆ ಹೋಗಿ ಮೂಸಿತು. ಒಂದು ಸುತ್ತು ತಿರುಗಿತು, ಬಾಲಕ್ಕೂ ಜಾಗವಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಲಾಳಿ ಹೊರಗೆ ಬಂದು, ಹಿತ್ತಿಲು ದಾಟಿ, ಶೆಡ್ಡಿಗೆ ಹೋಗಿ, ಎರಡನೇ ಮಗ್ಗದ ಕೆಳಗೆ ಮಲಗಿತು.

ಅವತ್ತಿನಿಂದ ಕಷ್ಟ ಶುರುವಾಯಿತು. ಉದ್ದನೆಯ ಸರಪಳಿ ತಂದು ಗೂಡಿಗೆ ಕಟ್ಟಿದರು. ಕಟ್ಟಿದರೆ ಲಾಳಿ ಮಲಗುತ್ತಲೇ ಇರಲಿಲ್ಲ. ಕಿವಿ ನಿಮಿರಿಸಿಕೊಂಡು ಕೂತಿರುತ್ತಿತ್ತು, ಎಲೆ ಬಿದ್ದರೂ ಬೆಚ್ಚಿ ಏಳುತ್ತಿತ್ತು, ಇರುಳೆಲ್ಲ ಕುಂಯ್ಗುಡುತ್ತಿತ್ತು. ಮುದ್ದೆ ಹಾಲು ಹಾಗೇ ಉಳಿಯಿತು. ಬನಶಂಕರಿ ಪಕ್ಕ ಕೂತು ತಟ್ಟಿದಳು. ಪಿಳ್ಳಪ್ಪ ಗೂಡಿನ ಬಾಗಿಲಿನ ದಿಕ್ಕು ತಿರುಗಿಸಿದ, ಕಂಬಳಿ ಬದಲಿಸಿದ, ಯಾರೋ ಹೇಳಿದರೆಂದು ದೃಷ್ಟಿ ತೆಗೆಸಿದ. ಇಪ್ಪತ್ತು ದಿನದಲ್ಲಿ ನಾಯಿಯ ಪಕ್ಕೆಲುಬು ಎಣಿಸುವಂತಾಯಿತು. ಡಾಕ್ಟರು ಮೈಯೆಲ್ಲ ಮುಟ್ಟಿ ನೋಡಿ, "ರೋಗ ಏನೂ ಇಲ್ಲ. ನಿದ್ದೆ ಇಲ್ಲ ಅಷ್ಟೆ. ಹಿಂಗೇ ಬಿಟ್ರೆ ರೋಗಾನೂ ಬರತ್ತೆ," ಅಂದರು.

"ನಾಯಿನ ತಂದು ಸಿಂಹಾಸನದ ಮೇಲೆ ಕೂರಿಸಿದ ಹಂಗಾಯ್ತು. ಇಷ್ಟು ನೆಮ್ಮದಿ ಜಾಗ ನನಗೆ ಯಾರಾದ್ರೂ ಕೊಟ್ಟಿದ್ರೆ ಮೂರು ದಿನ ಏಳ್ತಿರ್ಲಿಲ್ಲ ನಾನು!" ಎಂದು ಪಿಳ್ಳಪ್ಪ ಗೂಡಿನ ಮುಂದೆ ನಿಂತು ಬೈದ. ಲಾಳಿ ಬಾಲ ಅಲ್ಲಾಡಿಸಿತು.

ಮನಸ್ಸು ತಡೆಯದೆ ಬನಶಂಕರಿ ಒಂದು ಮಧ್ಯಾಹ್ನ ಸರಪಳಿ ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಬೈರಣ್ಣನ ಕೂಗು ಕೇಳಿಸಿತು. ಲಾಳಿ ಮಗ್ಗದ ಕೆಳಗೆ ಮಲಗಿತ್ತು, ನಿದ್ದೆಯಲ್ಲಿ ಚಾಚಿದ ಬಾಲ ಓಡುವ ಬೆಲ್ಟಿನ ಹತ್ತಿರ ಹತ್ತಿರ ಹೋಗಿತ್ತು. ಬೈರಣ್ಣ ಕಂಡವನೇ ಮಗ್ಗ ನಿಲ್ಲಿಸಿದ ರಭಸಕ್ಕೆ ನೂರಾರು ಎಳೆ ಕಿತ್ತು, ಅರ್ಧ ನೇಯ್ದ ಸೀರೆ ಹಾಳಾಗಿತ್ತು. ಬಾಲದ ತುದಿಯಲ್ಲಿ ಒಂದಷ್ಟು ಕೂದಲು ಮಾತ್ರ ಹೋಗಿತ್ತು. ಬೈರಣ್ಣ ನೆಲದ ಮೇಲೆ ಕೂತುಬಿಟ್ಟಿದ್ದ.

"ಸೀರೆ ಹೋದ್ರೆ ಇನ್ನೊಂದು ನೇಯ್ತೀನಿ ಅಣ್ಣ. ಇನ್ನೊಂದು ಕಿತ ಹಿಂಗಾಗಿ, ನಾನು ಓಡ್ಸೋ ಮಗ್ಗಕ್ಕೆ ಇದು ಸತ್ರೆ, ನಾನು ಈ ಶೆಡ್ಡಿಗೆ ಮತ್ತೆ ಕಾಲಿಡಲ್ಲ. ನನ್ ಗಂಟ್ಲಲ್ಲಿ ಮುದ್ದೆ ಇಳಿಯಲ್ಲ."

ಸಿಟ್ಟಾಗಲು ಪಿಳ್ಳಪ್ಪನಿಗೆ ಯಾರೂ ಸಿಗಲಿಲ್ಲ. ಬೈರಣ್ಣ ಮತ್ತೆ ಮೆಲ್ಲಗೆ, ಅಂದರೆ ಬೀದಿಗೆಲ್ಲ ಕೇಳುವಂತೆ, ಒಂದು ಮಾತು ಹೇಳಿದ. ಹೊಸಕೋಟೆ ಕಡೆ ಸಮೇತನಹಳ್ಳಿಯಲ್ಲಿ ಅವನ ತಾಯಿ ಮುನಿತಾಯಮ್ಮ ಒಬ್ಬಳೇ ಹೊಲ ನೋಡಿಕೊಂಡಿದ್ದಳು. ಕೋಳಿಗಳಿಗೆ ಕಾವಲು ಬೇಕೆಂದು ನಾಯಿ ಕೇಳುತ್ತಿದ್ದಳು. ಅಲ್ಲಿ ಮಗ್ಗ ಇಲ್ಲ, ಬೆಲ್ಟು ಇಲ್ಲ, ಲಾಳಿ ಹಾರುವುದಿಲ್ಲ.

ಬನಶಂಕರಿ ತಲೆಯಾಡಿಸಲಿಲ್ಲ. ಬೇಡ ಎಂದೂ ಹೇಳಲಿಲ್ಲ. "ಜೀವ ಉಳಿದ್ರೆ ಸಾಕು, ಎಲ್ಲಾದ್ರೂ ಇರ್ಲಿ," ಎಂದು ಒಳಗೆ ಹೋದಳು.

ಅಮಾವಾಸ್ಯೆಯ ದಿನ ಪಿಳ್ಳಪ್ಪನ ಮನೆಯಲ್ಲಿ ಮಗ್ಗಕ್ಕೆ ರಜೆ. ಅಪ್ಪನ ಕಾಲದಿಂದ ಬಂದ ಪದ್ಧತಿ. ಅವತ್ತು ಪೂಜೆಯಾಗಿ, ಒಬ್ಬಟ್ಟು ತಿಂದು, ಮಧ್ಯಾಹ್ನ ಮಲಗುವುದು. ಮಲಗಿದ ಪಿಳ್ಳಪ್ಪ ಮಗ್ಗುಲು ಬದಲಿಸಿ ಬದಲಿಸಿ ಎದ್ದು, "ಒಬ್ಬಟ್ಟು ಜಾಸ್ತಿ ಆಯ್ತು, ನಿದ್ದೆ ಹತ್ತಲಿಲ್ಲ," ಅನ್ನುವುದು. ಈ ಅಮಾವಾಸ್ಯೆ ಒಬ್ಬಟ್ಟು ಮಾಡಲಿಲ್ಲ. ಬನಶಂಕರಿ ಡಬ್ಬಿಗೆ ಮುದ್ದೆ ಹಾಲು ಕಲಸಿ, ಕಂಬಳಿ ಮಡಿಸಿ ಕೊಟ್ಟು, "ಬಿಸಿ ಅನ್ನ ಹಾಕ್ಬೇಡಿ ಅನ್ನಿ ಅವರಿಗೆ. ಆರ್ಸಿ ಹಾಕ್ಲಿ. ಅದರ ನಾಲಿಗೆ ಸೂಕ್ಷ್ಮ," ಅಂದಳು. ಬಾಗಿಲವರೆಗೂ ಬರಲಿಲ್ಲ. ಬೇರೆ ದಿನವಾಗಿದ್ದರೆ ಮಗ್ಗದ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಅವತ್ತು ಅಡುಗೆಮನೆಯಲ್ಲಿ ಅವಳು ಮೂಗು ಒರೆಸಿಕೊಂಡದ್ದು ಪಿಳ್ಳಪ್ಪನಿಗೆ ಬೀದಿಯಲ್ಲಿ ನಿಂತರೂ ಕೇಳಿಸಿತು.

ಬಜಾಜ್ ಸ್ಕೂಟರಿನಲ್ಲಿ ಮುಂದೆ ಕಾಲಿಡುವ ಜಾಗದಲ್ಲಿ ಲಾಳಿ, ನಡುವೆ ಪಿಳ್ಳಪ್ಪ, ಹಿಂದೆ ಕಾಲು ಅಗಲಿಸಿಕೊಂಡು ಬೈರಣ್ಣ. ಊರು ದಾಟುವ ಮುಂಚೆಯೇ ಲಾಳಿ ಪಿಳ್ಳಪ್ಪನ ಪಾದದ ಮೇಲೆ ಗಲ್ಲವಿಟ್ಟು ಮಲಗಿಬಿಟ್ಟಿತು. ದೇವನಹಳ್ಳಿಯಲ್ಲಿ ಟೀ ಕುಡಿಯಲು ನಿಂತರೆ ಎದ್ದು ಕೂತಿತು. ಸ್ಕೂಟರು ಹೊರಟರೆ ಮತ್ತೆ ಮಲಗಿತು.

"ನೋಡ್ಲಾ, ಹಳ್ಳಿಗೆ ಹೋಗ್ತಿದ್ದೀವಿ ಅಂತ ಅದಕ್ಕೂ ಗೊತ್ತಾಗೈತೆ. ನೆಮ್ಮದಿ ಬಂದ್ಬಿಡ್ತು," ಅಂದ ಪಿಳ್ಳಪ್ಪ. ಕಣ್ಣೆದುರಿಗೆ ಸತ್ಯ ಮಲಗಿದ್ದರೂ ಕಾಣದಷ್ಟು ಬುದ್ಧಿವಂತರು ಕೆಲವರಿರುತ್ತಾರೆ.

ಮುನಿತಾಯಮ್ಮ ಅರವತ್ತು ದಾಟಿದ ಗಟ್ಟಿ ಹೆಂಗಸು. ಮಗ "ಅವ್ವಾ, ಚೆನ್ನಾಗಿದ್ದೀಯಾ?" ಎಂದದ್ದೇ ತಡ, ಕೋಳಿಗಳು ಚೆಲ್ಲಾಪಿಲ್ಲಿಯಾದವು.

"ಯಾಕ್ಲಾ ಹಂಗೆ ಅರಚ್ಕತೀಯ? ನಾನೇನು ಕೆರೆ ಆಚೆ ಇದ್ದೀನಾ?"

"ಅವನು ಮೆಲ್ಲಗೇ ಮಾತಾಡಿದ್ದು ತಾಯೀ!" ಎಂದು ಪಿಳ್ಳಪ್ಪ ಅರಚಿದ.

ಮುದುಕಿ ಇಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡು ಮುದ್ದೆ ಬಡಿಸಿದಳು. ಹುರುಳಿಕಾಳಿನ ಸಾರು. ನಾಯಿಯ ನಾಲಿಗೆಯ ಸೂಕ್ಷ್ಮ, ಕಿವಿಯ ಗಾಯ, ಬಿಸಿ ಅನ್ನದ ಸಂಗತಿ ಎಲ್ಲವನ್ನೂ ಪಿಳ್ಳಪ್ಪ ವಿವರಿಸಿದ. ಲಾಳಿಯನ್ನು ಹುಲ್ಲಿನ ಮೆದೆಯ ನೆರಳಿಗೆ ಕಟ್ಟಿ ಕಂಬಳಿ ಹಾಸಿದರು. ಊಟವಾದ ಮೇಲೆ ಮಾವಿನ ಮರದ ಕೆಳಗೆ ಮಂಚ ಹಾಕಿಕೊಟ್ಟ ಬೈರಣ್ಣ, "ಸ್ವಲ್ಪ ಮಲಗಿ ಅಣ್ಣ. ಬಿಸಿಲು ಇಳಿದ ಮೇಲೆ ಹೋಗೋರಂತೆ," ಅಂದ.

ಪಿಳ್ಳಪ್ಪ ಮಲಗಿದ. ಗಾಳಿ ತಣ್ಣಗಿತ್ತು. ದೂರದಲ್ಲಿ ಎತ್ತಿನ ಗಂಟೆ ಒಂದು ಸಲ ಅಲ್ಲಾಡಿ ನಿಂತಿತು. ಆಮೇಲೆ ಏನೂ ಇಲ್ಲ. ಐವತ್ತೆರಡು ವರ್ಷದಿಂದ ಬೇಡಿಕೊಂಡಿದ್ದ ಮೌನ, ಬೇಕಾದಷ್ಟು, ಬಿಟ್ಟಿ. ಅವನು ಕಣ್ಣು ಮುಚ್ಚಿದ. ತನ್ನ ಉಸಿರು ತನಗೇ ಕೇಳಿಸಿತು. ಕೋಳಿ ನೆಲ ಕೆರೆಯುವುದು ಕೇಳಿಸಿತು. ಮಾವಿನೆಲೆ ಬಿದ್ದದ್ದು ಕೇಳಿಸಿ ಬೆಚ್ಚಿ ಕಣ್ಣು ಬಿಟ್ಟ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಅತ್ತ ಮೆದೆಯ ಬಳಿ ಲಾಳಿಯೂ ಕಿವಿ ನಿಮಿರಿಸಿಕೊಂಡು ಕೂತಿತ್ತು. ಮನುಷ್ಯನೂ ನಾಯಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುರುಳಿ ಸಾರು ಜಾಸ್ತಿಯಾಯಿತು ಅಂದುಕೊಂಡ ಪಿಳ್ಳಪ್ಪ.

ಮೂರು ಗಂಟೆಗೆ ಹಳ್ಳಿಗೆ ತ್ರೀ ಫೇಸ್ ಕರೆಂಟು ಬಂತು. ಎಲ್ಲೋ ಏನೋ ಶುರುವಾಯಿತು ಅನ್ನುವಷ್ಟರಲ್ಲಿ ಪಿಳ್ಳಪ್ಪನಿಗೆ ನಿದ್ದೆ ಹತ್ತಿತ್ತು. ಬಾವಿಗೆ ಕಲ್ಲು ಬಿದ್ದಂಥ ನಿದ್ದೆ.

ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಮುನಿತಾಯಮ್ಮ. "ಎದ್ದೇಳಪ್ಪಾ! ನಾಯಿ ಹಗ್ಗ ಕಿತ್ಕೊಂಡು ಹೋಯ್ತು!"

ಪಿಳ್ಳಪ್ಪ ಚಪ್ಪಲಿ ಮೆಟ್ಟುವುದನ್ನು ಮರೆತು ಓಡಿದ. ಊರಾಚೆ ರಸ್ತೆ, ಇಟ್ಟಿಗೆ ಹೊತ್ತ ಲಾರಿಗಳು ಹೊಸಕೋಟೆ ಕಡೆಗೆ ಗಾಳಿಯಂತೆ ಹೋಗುವ ರಸ್ತೆ. ಬೈರಣ್ಣ ಆ ಕಡೆ, ಇವನು ಈ ಕಡೆ. "ಲಾಳೀ! ಲಾಳೀ!" ಎಂದು ಕೂಗಿದ ಕೂಗಿಗೆ ಹೊಲದಲ್ಲಿದ್ದವರು ಎದ್ದು ನಿಂತರು. ಸೀಳಿದ ಕಿವಿ, ಎಣಿಸಬಹುದಾದ ಪಕ್ಕೆಲುಬು, ತನ್ನ ಪಾದದ ಮೇಲಿದ್ದ ಗಲ್ಲ ಎಲ್ಲ ಒಟ್ಟಿಗೆ ನೆನಪಾದವು. ಬರಿಗೈಯಲ್ಲಿ ಹೋಗಿ ಬನಶಂಕರಿಗೆ ಏನು ಹೇಳಲಿ? ಕೊಟ್ಟು ಬಂದೆ ಅನ್ನುವುದು ಬೇರೆ, ಕಳೆದುಕೊಂಡು ಬಂದೆ ಅನ್ನುವುದು ಬೇರೆ. ಆಗ ಗೊತ್ತಾಯಿತು ಅವನಿಗೆ, ಕೊಡಲೂ ತನಗೆ ಮನಸ್ಸಿರಲಿಲ್ಲ. ಮನೆಗೆ ಬಂದ ದಿನದಿಂದ ಅದು ಹೆಂಡತಿಯ ನಾಯಿ, ಹೆಂಡತಿಯ ನಾಯಿ ಅನ್ನುತ್ತಿದ್ದದ್ದೆಲ್ಲ ಬಾಯಿಮಾತು.

"ಅಣ್ಣಾ! ಇಲ್ಲಿ ಬನ್ನಿ!"

ಬೈರಣ್ಣ ಊರ ನಡುವಿನ ಹಿಟ್ಟಿನ ಗಿರಣಿಯ ಹಿಂದೆ ನಿಂತಿದ್ದ. ಒಳಗೆ ರಾಗಿ ಬೀಸುತ್ತಿದ್ದರು. ಉದ್ದನೆಯ ಬೆಲ್ಟು ಟಕ ಟಕ ಟಕ ಎಂದು ಬಡಿಯುತ್ತಿತ್ತು, ಗೋಡೆ ಸಣ್ಣಗೆ ಅದುರುತ್ತಿತ್ತು. ಆ ಗೋಡೆಗೆ ಬೆನ್ನು ಒತ್ತಿಕೊಂಡು, ಮೈಯೆಲ್ಲ ಹಿಟ್ಟಿನ ಧೂಳಿನಿಂದ ಬೆಳ್ಳಗಾಗಿ, ನಾಲ್ಕೂ ಕಾಲು ಚಾಚಿ, ಲಾಳಿ ನಿದ್ದೆ ಮಾಡುತ್ತಿತ್ತು. ಇಪ್ಪತ್ತು ದಿನದ ಸಾಲದ ನಿದ್ದೆ. ಪಿಳ್ಳಪ್ಪ ಹತ್ತಿರ ಬಂದು ಕೂತರೂ ಕಿವಿ ಅಲ್ಲಾಡಲಿಲ್ಲ.

ಒಳಗೆ ಗಿರಾಕಿಯ ರಾಗಿ ಮುಗಿದಿರಬೇಕು, ಗಿರಣಿಯವನು ಮೆಷಿನ್ನು ನಿಲ್ಲಿಸಿದ. ಲಾಳಿ ಥಟ್ಟನೆ ಕಣ್ಣು ಬಿಟ್ಟು ತಲೆಯೆತ್ತಿತು. ಇನ್ನೊಬ್ಬರ ಚೀಲ ಸುರಿದು ಮತ್ತೆ ಶುರುಮಾಡಿದ. ಲಾಳಿ ತಲೆ ಇಳಿಸಿತು.

ಪಿಳ್ಳಪ್ಪ ಬಾಯಿ ಬಿಟ್ಟುಕೊಂಡು ಕೂತ. ತಾನು ಮಂಚದ ಮೇಲೆ ಬಾವಿಗೆ ಬಿದ್ದಂತೆ ನಿದ್ದೆಗೆ ಬಿದ್ದದ್ದು ಯಾವಾಗ? ಮೂರು ಗಂಟೆಗೆ, ಈ ಗಿರಣಿ ಶುರುವಾದಾಗ. ಒಬ್ಬಟ್ಟು ತಿಂದ ಅಮಾವಾಸ್ಯೆಗಳು ಒಂದೊಂದಾಗಿ ನೆನಪಾದವು. ಪಾಪದ ಒಬ್ಬಟ್ಟು, ಎಷ್ಟು ವರ್ಷ ಸುಮ್ಮನೆ ಬೈಸಿಕೊಂಡಿತು! ಮಗ್ಗದ ಕೆಳಗೆ ಬೆಳೆದ ಕೂಸಿಗೆ ಊರಲ್ಲೇ ಸದ್ದಿಲ್ಲದ ಮೂಲೆ ಹುಡುಕಿ ಕೊಟ್ಟಿದ್ದ. ತನಗೆ ಬೇಕು ಅಂದುಕೊಂಡದ್ದನ್ನು ಅದಕ್ಕೆ ಕೊಟ್ಟಿದ್ದ. ಹೋಗಲಿ, ಅದು ತನಗಾದರೂ ಬೇಕಿತ್ತೇ?

ಅವನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಬೈರಣ್ಣ, ಇದು ಥೇಟು ನಮ್ಮನೆ ಮಗು ಕಣೋ," ಅಂದ. ಈ ಸಲ ನಿಜವಾಗಿಯೂ ಮೆಲ್ಲಗೆ ಅಂದಿದ್ದರಿಂದ ಬೈರಣ್ಣನಿಗೆ ಕೇಳಿಸಲಿಲ್ಲ.

ಮುನಿತಾಯಮ್ಮನಿಗೆ ಬೇರೆ ನಾಯಿ ತಂದುಕೊಡುವುದಾಗಿ ಮಾತು ಕೊಟ್ಟು ಹೊರಟರು. "ಹಗಲೊತ್ತು ಗೊರಕೆ ಹೊಡಿಯೋ ನಾಯಿ ಕಟ್ಕೊಂಡು ಏನ್ ಮಾಡ್ಲಿ, ತಕಂಡ್ ಹೋಗು," ಅಂದಳು ಮುದುಕಿ. ಆದರೂ ದಾರಿಗೆಂದು ನಾಲ್ಕು ಮೊಟ್ಟೆ ಕಟ್ಟಿಕೊಟ್ಟಳು. ಲಾಳಿ ಪಿಳ್ಳಪ್ಪನ ಪಾದದ ಮೇಲೆ ಗಲ್ಲವಿಟ್ಟು ದಾರಿಯುದ್ದಕ್ಕೂ ಮಲಗಿತು. ದೇವನಹಳ್ಳಿಯಲ್ಲಿ ಬೈರಣ್ಣ ಟೀ ಅಂದರೆ, "ಇಂಜಿನ್ ನಿಂತ್ರೆ ಮಗು ಎದ್ದೇಳ್ತದೆ," ಎಂದು ಪಿಳ್ಳಪ್ಪ ನಿಲ್ಲಿಸಲೇ ಇಲ್ಲ.

ಸ್ಕೂಟರಿನ ಸದ್ದಿಗೆ ಬಾಗಿಲಿಗೆ ಬಂದ ಬನಶಂಕರಿ ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಅವನ ಕಾಲ ಬಳಿಯನ್ನು. ಹಿಟ್ಟು ಮೆತ್ತಿದ ನಾಯಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು, ಮುಖವೆಲ್ಲ ನೆಕ್ಕಿಸಿಕೊಂಡಳು.

ಮರುದಿನ ಬೆಳಗ್ಗೆ ನಾಲ್ಕು ಜನ ಸೇರಿ ಗೂಡನ್ನು ನುಗ್ಗೆಮರದಾಚೆಯಿಂದ ಹೊತ್ತು ತಂದರು. ಶೆಡ್ಡಿನ ಹಿಂಗೋಡೆಗೆ, ಸರಿಯಾಗಿ ಎರಡನೇ ಮಗ್ಗ ಇರುವ ಕಡೆ ಹೊರಗಿನಿಂದ, ಗೂಡಿನ ಬೆನ್ನು ತಾಗುವಂತೆ ಇಟ್ಟರು. ನಡುವೆ ಒಂಬತ್ತಿಂಚಿನ ಗೋಡೆ. ಲಾಳಿ ಹಾರಿದರೂ ಇಲ್ಲಿಗೆ ಬಾರದು, ಬೆಲ್ಟು ಬಾಲಕ್ಕೆ ಎಟುಕದು. ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಮಟ್ಟ ಮಾಡಿ, ಕಂಬಳಿ ಹಾಸಿ, ಪಿಳ್ಳಪ್ಪ ಒಳಗಿನವನಿಗೆ ಕೂಗಿದ: "ಬೈರಣ್ಣ! ಹಾಕೋ!"

ಮಗ್ಗ ಶುರುವಾಯಿತು. ಗೋಡೆ ಅದುರಿತು. ಗೋಡೆಗೆ ತಾಗಿದ್ದ ಹಲಸಿನ ಹಲಗೆಗಳೂ ಮೆಲ್ಲಗೆ ಅದುರತೊಡಗಿದವು. ಹೊಸಿಲ ಮೇಲೆ ಕೈಯಿಟ್ಟಿದ್ದ ಪಿಳ್ಳಪ್ಪ ಕೈ ತೆಗೆಯಲಿಲ್ಲ. ಇಪ್ಪತ್ತು ವರ್ಷ ಅಟ್ಟದಲ್ಲಿ ಸುಮ್ಮನೆ ಮಲಗಿದ್ದ ಅಪ್ಪನ ಮಗ್ಗದ ಮರ ಅವನ ಅಂಗೈಯಲ್ಲಿ ಮತ್ತೆ ಮಿಡಿಯುತ್ತಿತ್ತು. ಲಾಳಿ ಬಂದು ಮೂಸಿತು, ಒಳಗೆ ಹೋಗಿ ಮೂರು ಸುತ್ತು ತಿರುಗಿತು, ಬೆನ್ನನ್ನು ಹಿಂದಿನ ಹಲಗೆಗೆ ಒತ್ತಿ ಮಲಗಿತು. ಸರಪಳಿ ಮೊಳೆಯಲ್ಲೇ ನೇತಾಡುತ್ತಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಎಲ್ಲಿ ಎದ್ದುಬಿಡುತ್ತದೋ ಎಂದು.

"ನಿಮ್ಮ ರೂಮಿನ ಜಾಗ ಖಾಲಿ ಆಯ್ತಲ್ಲ," ಎಂದು ಬನಶಂಕರಿ ಅವನ ಕಿವಿಯ ಹತ್ತಿರ ಬಂದು ಕೂಗಿದಳು. "ನುಗ್ಗೆಮರದ ಹತ್ರ ಕಟ್ಟಿಸ್ಕೊಳ್ಳಿ!"

"ಯಾವ ರೂಮು?" ಅಂದ ಪಿಳ್ಳಪ್ಪ. "ಕಟ್ಸಿದ್ರೆ ಈ ಗೋಡೆಗೇ ಆನಿಸಿ ಕಟ್ಸೋದು, ಈ ಗೂಡಿನ ಪಕ್ಕ."

ಅವಳು ಈ ಸಲ ಮನಸಾರೆ ತಲೆಯಾಡಿಸಿದಳು.

ಆಮೇಲೆ ಬೈರಣ್ಣ ಮಗ್ಗದ ಕೆಳಗೆ ಇಣುಕಿ ನೋಡುವುದನ್ನು ಬಿಟ್ಟ. ಲಾಳಿಯ ಪಕ್ಕೆಲುಬುಗಳು ಮತ್ತೆ ಮುಚ್ಚಿಕೊಂಡವು. ಮಧ್ಯಾಹ್ನ ಊಟವಾದ ಮೇಲೆ ಪಿಳ್ಳಪ್ಪ ಗೂಡಿನ ಪಕ್ಕ ಚಾಪೆ ಹಾಕಿ, ಅದೇ ಗೋಡೆಗೆ ಬೆನ್ನು ಕೊಟ್ಟು ಮಲಗುವುದನ್ನು ರೂಢಿ ಮಾಡಿಕೊಂಡ. ಹಾಗೆ ಮಲಗಿದ್ದ ಒಂದು ದಿನ ನಾಲ್ಕೂ ಮಗ್ಗ ಇದ್ದಕ್ಕಿದ್ದಂತೆ ನಿಂತವು. ಒಳಗಿನಿಂದ ಬೈರಣ್ಣ "ಕರೆಂಟು ಹೋಯ್ತು!" ಎಂದು ಕೂಗುವ ಮೊದಲೇ ಹಿತ್ತಿಲಲ್ಲಿ ಇಬ್ಬರೂ ಎದ್ದು ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮತ್ತೆ ಕರೆಂಟು ಬರುವುದನ್ನೇ ಕಾಯುತ್ತಿದ್ದರು.